ಲಫ್ರಾಯ್ಗ್ 10: ಈ ಆಸ್ಪತ್ರೆಯ ವಾಸನೆ ಎಲ್ಲಿಂದ ಬಂತು?

ತುಂಗಾತೀರ:
ಅಬರ್ಡೀನಿನಲ್ಲಿರುವ ಭಾವಮೈದ ರಜೆಗೆ ಬಂದವನು ಒಂದು ಲಫ್ರಾಯ್ಗ್ ವಿಸ್ಕಿ ಬಾಟಲಿ ತಂದುಕೊಟ್ಟ. ಹಸಿರು ಗಾಜು, ಬಿಳಿ ಚೀಟಿ, ಹತ್ತು ವರ್ಷ ಮಾಗಿದ್ದು. ಇಷ್ಟು ದಿನ ನಾನು ಕುಡಿದದ್ದು ಹಲವು ಡಿಸ್ಟಿಲರಿಗಳದ್ದನ್ನು ಬೆರೆಸಿದ ಬ್ಲೆಂಡೆಡ್ ವಿಸ್ಕಿಯನ್ನೇ, ಅದೂ ಸೋಡಾ ಬೆರೆಸಿ. ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ) ಎಂದರೆ ಜೇನು, ಹಣ್ಣು, ವೆನಿಲಾ ಎಂದೆಲ್ಲ ಓದಿದ್ದೆ. ಇದರ ಬಿರಡೆ ತೆಗೆದದ್ದೇ ತಡ, ಅಡುಗೆಮನೆಯಿಂದ ನನ್ನ ಹೆಂಡತಿ "ಯಾರಿಗೆ ಏನು ಗಾಯವಾಯಿತು?" ಎಂದು ಕೂಗಿದಳು. ಟಿಂಚರು, ಡ್ರೆಸ್ಸಿಂಗ್ ಬಟ್ಟೆ, ಅದರ ಹಿಂದೆ ಹೊಗೆ. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ಬೂದಿ.

ಭಾವಮೈದನಿಗೆ ಫೋನ್ ಮಾಡಿದರೆ "ಅದು ಇರಬೇಕಾದದ್ದೇ ಹಾಗೆ, ಸಮುದ್ರದ ಗಾಳಿ, ಅಲ್ಲಿನ ಕಂದು ನೀರು" ಎಂದು ನಕ್ಕ. ನಿಜವೇ? ಬಾಟಲಿ ಕೆಟ್ಟಿಲ್ಲ ತಾನೇ? ತಿಳಿದವರು ಹೇಳಿ.

ಕಂಟೋನ್ಮೆಂಟ್:
ಕೆಟ್ಟಿಲ್ಲ. ನಿಮ್ಮ ಹೆಂಡತಿಯವರ ಮೂಗು ಚೆನ್ನಾಗಿದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದ ವಿಸ್ಕಿ ಇದು. ಮೂರು ಸಾವಿರದಷ್ಟು ಜನ ಇರುವ ದ್ವೀಪ. ಡಿಸ್ಟಿಲರಿಗಳು ಮಾತ್ರ ಹತ್ತರ ಆಸುಪಾಸು. ದಕ್ಷಿಣ ತೀರದಲ್ಲಿ ಪೋರ್ಟ್ ಎಲೆನ್ ಊರಿನಿಂದ ಹೊರಟರೆ ಒಂದೇ ರಸ್ತೆಯಲ್ಲಿ ಲಫ್ರಾಯ್ಗ್, ಲಾಗಾವುಲಿನ್, ಆರ್ಡ್‌ಬೆಗ್ ಮೂರೂ ಸಾಲಾಗಿ ಸಿಗುತ್ತವೆ. ಮೂರೂ ಹೊಗೆಯ ಮನೆತನದವು. ಔಷಧದ ಘಾಟು ಹೆಚ್ಚು ಇರುವುದು ಲಫ್ರಾಯ್ಗ್‌ನಲ್ಲೇ. ನೀವು ಮೊದಲ ಮೆಟ್ಟಿಲು ಬಿಟ್ಟು ನೇರವಾಗಿ ಮಹಡಿಗೇ ಹತ್ತಿಬಿಟ್ಟಿದ್ದೀರಿ.

ಸಮುದ್ರ, ನೀರು ಎಂಬ ವಿಚಾರಕ್ಕೆ ನಮ್ಮ ಮೇಷ್ಟ್ರು ಉತ್ತರಿಸಲಿ. ನಾನು ಹೇಳಿದರೆ ಅವರು ತಿದ್ದುವುದು ಹೇಗೂ ತಪ್ಪುವುದಿಲ್ಲ.

ಪ್ರಯೋಗಶಾಲೆ:
ತಿದ್ದುವುದಕ್ಕೆ ಇಲ್ಲಿ ಏನೂ ಇಲ್ಲ, ಸೇರಿಸುವುದಿದೆ.

ಆ ವಾಸನೆ ಆಸ್ಪತ್ರೆಯದೇ. ಹೋಲಿಕೆಗಾಗಿ ಆಡುವ ಮಾತಲ್ಲ. 1865ರಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು ಗ್ಲಾಸ್ಗೋದ ರಾಯಲ್ ಇನ್ಫರ್ಮರಿಯಲ್ಲಿ ಕಾಲು ಮುರಿದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಗಾಯ ಕೀವಾಗದೆ ಮಾಯಿತು; ನಂಜುನಿರೋಧಕ ಶಸ್ತ್ರಚಿಕಿತ್ಸೆ ಬೆಳೆದದ್ದು ಅಲ್ಲಿಂದ. ಕಾರ್ಬಾಲಿಕ್ ಆಮ್ಲ ಎಂದರೆ ರಸಾಯನಶಾಸ್ತ್ರದಲ್ಲಿ ಫೀನಾಲ್. ಅದರ ಹತ್ತಿರದ ಬಂಧು ಕ್ರೆಸಾಲ್. ಹಳೆಯ ಆಸ್ಪತ್ರೆಗಳ ನೆಲ ಒರೆಸುವ ದ್ರಾವಣದಲ್ಲಿ, ಕೆಂಪು ಸೋಪಿನಲ್ಲಿ ಇರುತ್ತಿದ್ದದ್ದು ಅದೇ. ಮತ್ತೊಂದು ಗ್ವಾಯಕಾಲ್. ಸೌದೆ ಹೊಗೆಯ ವಾಸನೆ ಬಹುಪಾಲು ಅದರದು. ಈ ಮೂರೂ ಬಗೆಯವು ನಿಮ್ಮ ಲೋಟದಲ್ಲಿವೆ.

ಬಂದದ್ದು ಎಲ್ಲಿಂದ ಎಂದರೆ ಪೀಟ್‌ನಿಂದ. ಜೌಗು ನೆಲದಲ್ಲಿ ಪಾಚಿ, ಹೆದರ್ ಗಿಡ, ಹುಲ್ಲು ಎಲ್ಲ ಸತ್ತು, ಗಾಳಿಯಾಡದೆ, ಪೂರ್ತಿ ಕೊಳೆಯದೆ ಪದರಗಟ್ಟಿದ ಕಪ್ಪು ಮಣ್ಣು ಅದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಒಂದು ಮೀಟರ್ ಆಳಕ್ಕೆ ಅಗೆದರೆ ಸಾವಿರ ವರ್ಷ ಹಿಂದಿನ ಗಿಡ ಕೈಗೆ ಬರುತ್ತದೆ. ಮರ ಕಡಿಮೆ ಇರುವ ದ್ವೀಪದಲ್ಲಿ ಜನ ಒಲೆಗೆ ಹಾಕುತ್ತಿದ್ದದ್ದು ಇದನ್ನೇ, ಬಾರ್ಲಿ ಒಣಗಿಸುತ್ತಿದ್ದದ್ದೂ ಇದರ ಬೆಂಕಿಯಲ್ಲೇ. ಅದು ಉರಿಯುವಾಗ ಹೊರಡುವ ಹೊಗೆಯಲ್ಲಿನ ಫೀನಾಲುಗಳು ಒದ್ದೆ ಬಾರ್ಲಿಯ ಸಿಪ್ಪೆಗೆ ಹತ್ತಿಕೊಳ್ಳುತ್ತವೆ. ಅಲ್ಲಿಂದ ಬಾಟಲಿಯವರೆಗೂ ಬಿಡುವುದಿಲ್ಲ.

ಇನ್ನು ಸಮುದ್ರ. ಉಪ್ಪು ಭಟ್ಟಿಯಲ್ಲಿ ಆವಿಯಾಗಿ ಮೇಲೇರುವ ವಸ್ತುವಲ್ಲ. ನೀರು ಪೀಟ್ ನೆಲದ ಮೇಲೆ ಹರಿದು ಕಂದಾಗಿ ಬರುವುದು ನಿಜ, ಲಫ್ರಾಯ್ಗ್‌ಗೆ ಕಿಲ್‌ಬ್ರೈಡ್ ಕಟ್ಟೆಯ ನೀರು ಬರುವುದೂ ನಿಜ. ಆದರೆ ಸುಡದ ಪೀಟ್ ಮೇಲೆ ಹರಿದ ನೀರಿಗೆ ಹೊಗೆಯ ವಾಸನೆ ಬರುವುದಾದರೂ ಹೇಗೆ? ಭಾವಮೈದನಿಗೆ ನನ್ನ ನಮಸ್ಕಾರ ತಿಳಿಸಿ.

ನೇರನುಡಿ:
ಅಂತೂ ಫಿನಾಯಿಲ್ ವಾಸನೆಗೆ ಸಾವಿರಾರು ರೂಪಾಯಿ ಕೊಡುವ ಜನ ಇದ್ದಾರೆ ಎಂದಾಯಿತು. ದ್ವೀಪ, ಅಲೆ, ಪುರಾತನ ಮಣ್ಣು, ಇವೆಲ್ಲ ಬಾಟಲಿಯ ಡಬ್ಬಿಯ ಮೇಲೆ ಅಚ್ಚು ಹಾಕುವ ಮಾತುಗಳು. ಮಾಲೀಕರು ಜಪಾನಿನ ಸಂಟೋರಿ ಕಂಪನಿಯವರು. ಪೀಪಾಯಿ ಅಮೆರಿಕದ್ದು. ಉಳಿದದ್ದು ಜಾಹೀರಾತು.

ಗ್ಲಾಸ್ಗೋವಾಸಿ:
ನೇರನುಡಿಯವರೇ, ಮಾಲೀಕರ ವಿಷಯದಲ್ಲಿ ನಿಮ್ಮ ಮಾತು ಸರಿ. ಉಳಿದದ್ದಕ್ಕೆ ನಾನು ಕಂಡದ್ದನ್ನು ಹೇಳುತ್ತೇನೆ. ಕೆನಕ್ರೇಗ್ ಎಂಬಲ್ಲಿಂದ ಹಡಗು ಹತ್ತಿದರೆ ಪೋರ್ಟ್ ಎಲೆನ್‌ಗೆ ಎರಡು ಗಂಟೆಗೂ ಸ್ವಲ್ಪ ಹೆಚ್ಚು. ಡಿಸ್ಟಿಲರಿಯ ಬಿಳಿ ಗೋಡೆಯ ಮೇಲೆ ಕಪ್ಪು ಅಕ್ಷರದಲ್ಲಿ ಆಳೆತ್ತರಕ್ಕೂ ಮೀರಿ ಹೆಸರು ಬರೆದಿದ್ದಾರೆ. ಕಾಲಬುಡದಲ್ಲೇ ಸಮುದ್ರ, ಬಂಡೆಗಳ ಮೇಲೆ ಪಾಚಿ.

ಮೊದಲು ಒಯ್ಯುವುದು ಮೊಳಕೆ ಕಟ್ಟುವ ಮಹಡಿಗೆ. ತಗ್ಗಾದ ಸೂರು, ಸಣ್ಣ ಕಿಟಕಿಗಳು, ಕಲ್ಲು ನೆಲ. ನೀರಿನಲ್ಲಿ ನೆನೆಸಿದ ಬಾರ್ಲಿಯನ್ನು ನೆಲದ ತುಂಬ ಅಂಗೈಯಗಲದ ದಪ್ಪಕ್ಕೆ ಹರವಿರುತ್ತಾರೆ. ಮೊಳೆಯುವ ಕಾಳು ತಾನೇ ಬಿಸಿಯಾಗುತ್ತದೆ. ಹಾಗೇ ಬಿಟ್ಟರೆ ಬೇರುಗಳು ಹೆಣೆದುಕೊಂಡು ಚಾಪೆಯಾಗಿಬಿಡುತ್ತದೆ. ಅದಕ್ಕೆ ಹಗಲೂ ರಾತ್ರಿ ತಿರುವಿ ಹಾಕುತ್ತಿರಬೇಕು. ಹದ ನೋಡುವ ಬಗೆ ನನಗೆ ಬಹಳ ಹಿಡಿಸಿತು: ಕೆಲಸದವನು ಒಂದು ಕಾಳನ್ನು ಹಿಚುಕಿ, ಅದರ ತಿರುಳನ್ನು ಗೋಡೆಯ ಮೇಲೆ ಎಳೆದ. ಸುಣ್ಣದ ಕಡ್ಡಿಯಲ್ಲಿ ಗೀರಿದ ಹಾಗೆ ಬಿಳಿ ಗೆರೆ ಮೂಡಿತು. ಮೂಡಿದರೆ ಒಳಗಿನ ಪಿಷ್ಟ ಸಡಿಲವಾಗಿದೆ, ಮೊಳಕೆ ನಿಲ್ಲಿಸುವ ಹೊತ್ತಾಯಿತು ಎಂದು ಲೆಕ್ಕ.

ನಿಲ್ಲಿಸುವುದು ಒಣಗಿಸಿ. ಲಫ್ರಾಯ್ಗ್‌ನವರ ವಿಶೇಷ ಇರುವುದು ಇಲ್ಲಿಯೇ. ಮೊದಲು ಕಡಿಮೆ ಶಾಖದಲ್ಲಿ ಬರೀ ಹೊಗೆ ಕೊಡುತ್ತಾರೆ, ಹತ್ತು ಗಂಟೆಗೂ ಹೆಚ್ಚು ಕಾಲ. ಕಾಳು ಒದ್ದೆಯಾಗಿದ್ದಷ್ಟು ಹೊತ್ತು ಮಾತ್ರ ಹೊಗೆ ಹಿಡಿಯುತ್ತದೆ. ಅದು ಸಾಕಷ್ಟು ಹಿಡಿದ ಮೇಲೆಯೇ ಬಿಸಿಗಾಳಿ ಬಿಟ್ಟು ಒಣಗಿಸುವುದು. ಗೂಡಿನ ಬಾಗಿಲು ತೆರೆದು ಪೀಟ್ ತುಂಡುಗಳನ್ನು ಸಲಿಕೆಯಿಂದ ಎಸೆಯುವವನ ಪಕ್ಕದಲ್ಲಿ ಒಂದು ನಿಮಿಷ ನಿಂತೆ. ಅಂಗಿಯಿಂದ ಆ ಹೊಗೆ ಹೋಗಲು ಎರಡು ಒಗೆತ ಬೇಕಾಯಿತು. ನಮ್ಮ ಅಜ್ಜಿಮನೆಯ ಬಚ್ಚಲ ಒಲೆಯ ಹೊಗೆಗೆ ಯಾರೋ ಟಿಂಚರು ಚೆಲ್ಲಿದಂತೆ ಎಂದರೆ ಇಲ್ಲಿರುವವರಿಗೆ ಅರ್ಥವಾದೀತು.

ಪೀಟ್ ತರುವುದು ವಿಮಾನ ನಿಲ್ದಾಣದ ಬಳಿಯ ಗ್ಲೆನ್‌ಮಾಕ್ರಿ ಜೌಗಿನಿಂದ. ಉದ್ದ ಅಲಗಿನ ಸಲಿಕೆಯಲ್ಲಿ ಕಡಿದು ಬೇಸಿಗೆಯಲ್ಲಿ ಬಯಲಲ್ಲೇ ಒಣಗಲು ಬಿಡುತ್ತಾರೆ.

ನೇರನುಡಿ:
ಬರಹ ಚೆನ್ನಾಗಿದೆ. ಆದರೆ ಆ ಮಹಡಿಯಲ್ಲಿ ಆಗುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಅವರಿಗೆ ಬೇಕಾದುದರಲ್ಲಿ ಎಷ್ಟು ಪಾಲು ಎಂದು ಕೇಳಿದಿರಾ? ಸುಮಾರು ಐದನೇ ಒಂದು. ಉಳಿದದ್ದು ಕಾರ್ಖಾನೆಯಿಂದ ಲಾರಿಯಲ್ಲಿ ಬರುತ್ತದೆ. ಪೋರ್ಟ್ ಎಲೆನ್‌ನಲ್ಲಿ 1973ರಿಂದ ದೊಡ್ಡ ಡ್ರಮ್ಮುಗಳಲ್ಲಿ ಯಂತ್ರವೇ ಮಾಲ್ಟ್ ಮಾಡುತ್ತದೆ. ಅದು ಪ್ರತಿಸ್ಪರ್ಧಿ ಡಿಯಾಜಿಯೊದವರ ಸ್ವತ್ತು. ಪ್ರವಾಸಿಗೆ ತೋರಿಸುವುದು ಮಹಡಿ, ಬಾಟಲಿಗೆ ಹೋಗುವುದು ಡ್ರಮ್ಮು.

ಗ್ಲಾಸ್ಗೋವಾಸಿ:
ಕೇಳಿದೆ. ಅವರೇ ಮುಚ್ಚಿಡದೆ ಹೇಳಿದರು. ಮಹಡಿಯ ಮಾಲ್ಟಿಗೂ ಡ್ರಮ್ಮಿನ ಮಾಲ್ಟಿಗೂ ರುಚಿಯಲ್ಲಿ ವ್ಯತ್ಯಾಸವಿದೆ, ಎರಡನ್ನೂ ಬೆರೆಸಿದರೇ ತಮ್ಮ ರುಚಿ ಎಂಬುದು ಅವರ ವಾದ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಮಟ್ಟಿಗೆ ಮಹಡಿಗಿಂತ ಮುಖ್ಯವಾದ ಜಾಗ ಭಟ್ಟಿಮನೆ.

ಅಲ್ಲಿ ಏಳು ತಾಮ್ರದ ಭಟ್ಟಿಗಳಿವೆ. ಮೂರರಲ್ಲಿ ಮೊದಲ ಇಳಿಕೆ, ನಾಲ್ಕರಲ್ಲಿ ಎರಡನೆಯದು. ಹುಳಿಬಂದ ಮಾಲ್ಟ್ ರಸದಲ್ಲಿ ಮದ್ಯಸಾರ ಶೇ 8ರಷ್ಟಿರುತ್ತದೆ, ಮೊದಲ ಇಳಿಕೆಯಲ್ಲಿ ಶೇ 20 ದಾಟುತ್ತದೆ, ಎರಡನೆಯದರಲ್ಲಿ ಶೇ 70ರ ಮೇಲೆ ಹೋಗುತ್ತದೆ. ಎರಡನೆಯ ಇಳಿಕೆಯ ದ್ರವವೆಲ್ಲ ವಿಸ್ಕಿಯಾಗುವುದಿಲ್ಲ. ತಲೆ, ನಡು, ಬಾಲ ಎಂದು ಮೂರು ಭಾಗ. ಹಿತ್ತಾಳೆ ಚೌಕಟ್ಟಿನ, ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ ದ್ರವ ಹರಿಯುತ್ತಿರುತ್ತದೆ. ಭಟ್ಟಿಯವನು ಹೊರಗಿನ ಹಿಡಿಕೆ ತಿರುಗಿಸಿ ಯಾವ ಪಾತ್ರೆಗೆ ಹೋಗಬೇಕೆಂದು ನಿರ್ಧರಿಸುತ್ತಾನೆ. ಬಹಳ ಕಡೆ ತಲೆಭಾಗವನ್ನು ಕಾಲು ಗಂಟೆಯಿಂದ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಲಫ್ರಾಯ್ಗ್‌ನಲ್ಲಿ ನಲವತ್ತೈದು ನಿಮಿಷ. ಹಣ್ಣಿನ, ಹೂವಿನ ಹಗುರ ಪರಿಮಳಗಳು ಆ ತಲೆಭಾಗದಲ್ಲೇ ಹೋಗಿಬಿಡುತ್ತವೆ. ಆಮೇಲೆ ನಡುಭಾಗವನ್ನು ಶೇ 60ರ ಹತ್ತಿರ ಇಳಿಯುವವರೆಗೂ ತೆಗೆದುಕೊಳ್ಳುತ್ತಾರೆ. ಫೀನಾಲುಗಳು ಭಾರವಾದವು, ತಡವಾಗಿ ಬರುವವು. ಹಗುರವಾದದ್ದನ್ನು ಬಿಟ್ಟು, ತಡವಾಗಿ ಬರುವುದಕ್ಕೆ ಬಾಗಿಲು ತೆರೆದಿಟ್ಟರೆ ಏನು ಸಿಗುತ್ತದೋ ಅದೇ ತುಂಗಾತೀರದವರ ಬಾಟಲಿಯಲ್ಲಿರುವುದು. ಇದರಲ್ಲಿ ಸಮುದ್ರದ ಪಾತ್ರ ಏನೂ ಇಲ್ಲ, ಹಿಡಿಕೆ ಹಿಡಿದವನದು ಮಾತ್ರ.

ಹಳೆಯ ಕಡತ:
ಗ್ಲಾಸ್ಗೋವಾಸಿಗಳ ಈ ಕೊನೆಯ ಮಾತಿಗೆ ನೂರು ವರ್ಷ ಹಿಂದಿನ ಒಂದು ಜಗಳವೇ ಸಾಕ್ಷಿ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಲಫ್ರಾಯ್ಗ್ ಶುರುವಾದದ್ದು 1815ರಲ್ಲಿ ಎಂದು ಬಾಟಲಿಯ ಮೇಲೆಯೇ ಇದೆ. ಅಲೆಕ್ಸಾಂಡರ್ ಮತ್ತು ಡೊನಾಲ್ಡ್ ಜಾನ್ಸ್ಟನ್ ಎಂಬ ಅಣ್ಣತಮ್ಮಂದಿರು. ದನ ಸಾಕಲು ಗೇಣಿಗೆ ನೆಲ ಹಿಡಿದವರು, ಮಿಕ್ಕ ಬಾರ್ಲಿಯಲ್ಲಿ ವಿಸ್ಕಿ ಇಳಿಸತೊಡಗಿದರು. 1823ರಲ್ಲಿ ಬಂದ ಅಬಕಾರಿ ಕಾಯ್ದೆ ಪರವಾನಗಿಯನ್ನು ಅಗ್ಗ ಮಾಡಿದ ಮೇಲೆ ಸ್ಕಾಟ್ಲೆಂಡಿನಲ್ಲಿ ಕಳ್ಳಭಟ್ಟಿಗಳು ಒಂದೊಂದಾಗಿ ಬೆಳಕಿಗೆ ಬಂದವು. 1836ರಲ್ಲಿ ಡೊನಾಲ್ಡ್ 350 ಪೌಂಡ್ ಕೊಟ್ಟು ಅಣ್ಣನ ಪಾಲನ್ನೂ ಕೊಂಡ; ಅಣ್ಣ ಆಸ್ಟ್ರೇಲಿಯಾಕ್ಕೆ ಹೋದ. 1847ರಲ್ಲಿ ಡೊನಾಲ್ಡ್ ಭಟ್ಟಿಯ ಕುದಿಯುವ ಮಡ್ಡಿ ತುಂಬಿದ ತೊಟ್ಟಿಗೆ ಬಿದ್ದು ಸತ್ತ. ಮಗನಿಗೆ ಆಗ ಹನ್ನೊಂದು ವರ್ಷ. ಹುಡುಗ ದೊಡ್ಡವನಾಗುವವರೆಗೆ ಡಿಸ್ಟಿಲರಿ ನೋಡಿಕೊಂಡದ್ದು ಪಕ್ಕದ ಲಾಗಾವುಲಿನ್‌ನ ವಾಲ್ಟರ್ ಗ್ರಹಾಂ. ನೆರೆಹೊರೆ ಅಷ್ಟು ಚೆನ್ನಾಗಿತ್ತು.

ಕೆಟ್ಟದ್ದು ಪೀಟರ್ ಮ್ಯಾಕಿಯ ಕಾಲಕ್ಕೆ. ಲಾಗಾವುಲಿನ್ ಒಡೆಯ, ವೈಟ್ ಹಾರ್ಸ್ ಬ್ಲೆಂಡಿನ ಜನಕ, ಒಂದು ಕಡೆ ಸುಮ್ಮನೆ ಕೂರುವ ಜೀವವಲ್ಲ. ಲಫ್ರಾಯ್ಗ್ ವಿಸ್ಕಿಯ ಮಾರಾಟದ ಏಜೆನ್ಸಿಯೂ ಅವನ ಕಂಪನಿಯದೇ ಆಗಿತ್ತು. 1907ರಲ್ಲಿ ಲಫ್ರಾಯ್ಗ್‌ನವರು ಅದನ್ನು ಕಿತ್ತುಕೊಂಡರು. ಸಿಟ್ಟಿಗೆದ್ದ ಮ್ಯಾಕಿ ತನ್ನ ಆಳುಗಳನ್ನು ಕಳಿಸಿ ಲಫ್ರಾಯ್ಗ್‌ಗೆ ಹರಿಯುವ ನೀರಿಗೆ ಕಲ್ಲು ತುಂಬಿಸಿದ. ಕೋರ್ಟು ಕಲ್ಲು ತೆಗೆಸಿತು. ಆಮೇಲೆ ಅವನು ಹಿಡಿದ ಹಾದಿ ಸ್ವಾರಸ್ಯಕರ. ನಿಮ್ಮ ವಿಸ್ಕಿ ಕೊಡದಿದ್ದರೆ ಬೇಡ, ನಾನೇ ಮಾಡುತ್ತೇನೆ ಎಂದು 1908ರಲ್ಲಿ ಲಾಗಾವುಲಿನ್ ಅಂಗಳದೊಳಗೇ ಮಾಲ್ಟ್ ಮಿಲ್ ಎಂಬ ಪುಟ್ಟ ಡಿಸ್ಟಿಲರಿ ಕಟ್ಟಿದ. ಭಟ್ಟಿಗಳ ಆಕಾರ ಲಫ್ರಾಯ್ಗ್‌ನದೇ ನಕಲು. ಅಲ್ಲಿ ಕೆಲಸ ಬಲ್ಲವನನ್ನೂ ಸೆಳೆದುಕೊಂಡ. ಅದೇ ತೀರ, ಅದೇ ಗಾಳಿ, ಅದೇ ಪೀಟ್. ಆದರೂ ಲಫ್ರಾಯ್ಗ್ ಆಗಲಿಲ್ಲ. ಮಾಲ್ಟ್ ಮಿಲ್ 1962ರವರೆಗೆ ನಡೆದು ಮುಚ್ಚಿತು. ಅದರ ಕಟ್ಟಡದಲ್ಲಿ ಈಗ ಲಾಗಾವುಲಿನ್‌ನ ಪ್ರವಾಸಿಗಳ ಸ್ವಾಗತ ಕೋಣೆ ಇದೆ.

ಸಮುದ್ರ, ಗಾಳಿ, ಮಣ್ಣುಗಳೇ ರುಚಿ ಕೊಡುವುದಾಗಿದ್ದರೆ ಮ್ಯಾಕಿ ಗೆಲ್ಲಬೇಕಿತ್ತು.

ನೇರನುಡಿ:
ಇದು ಒಳ್ಳೆಯ ವಾದ. ಆದರೆ ಇದನ್ನೇ ತಿರುಗಿಸಿ "ಆ ಜಾಗದಲ್ಲಿ ಏನೋ ಮಾಯೆ ಇದೆ" ಎಂದು ಮಾರುವವರೂ ಇದ್ದಾರಲ್ಲ.

ಪ್ರಯೋಗಶಾಲೆ:
ಇದ್ದಾರೆ. ಮಾಯೆ ಬೇಕಿಲ್ಲ. ಭಟ್ಟಿಯ ಆಕಾರ ನಕಲು ಮಾಡಬಹುದು. ಹುಳಿ ಎಷ್ಟು ಹೊತ್ತು, ಭಟ್ಟಿಗೆ ಎಷ್ಟು ತುಂಬುವುದು, ಬೆಂಕಿ ಎಷ್ಟು, ತಲೆ ಯಾವಾಗ ಕಡಿಯುವುದು, ಬಾಲ ಯಾವಾಗ, ಬಿಟ್ಟದ್ದನ್ನು ಮುಂದಿನ ಸರದಿಗೆ ಹೇಗೆ ಬೆರೆಸುವುದು, ಇವುಗಳಲ್ಲಿ ಒಂದು ಬದಲಾದರೂ ಬೇರೆ ವಿಸ್ಕಿ. ಇಂಥ ಹತ್ತು ಚಿಕ್ಕ ನಿರ್ಧಾರಗಳನ್ನು ಕದಿಯುವುದು ತಾಮ್ರ ಬಡಿಯುವುದಕ್ಕಿಂತ ಕಷ್ಟ.

ತುಂಗಾತೀರ:
ಕೆಟ್ಟಿದೆಯೋ ಎಂದು ಕೇಳಲು ಬಂದವನಿಗೆ ಕೋರ್ಟು ಕಚೇರಿಯ ಕಥೆಯೇ ಸಿಕ್ಕಿತು! ಕಡತದವರೇ, ಮ್ಯಾಕಿ ಆದ ಮೇಲೆ ಏನಾಯಿತು? ಇದನ್ನು ಒಬ್ಬ ಹೆಂಗಸು ನಡೆಸುತ್ತಿದ್ದರು ಎಂದು ಭಾವಮೈದ ಹೇಳಿದ್ದ.

ಹಳೆಯ ಕಡತ:
ಬೆಸ್ಸಿ ವಿಲಿಯಮ್ಸನ್. ನನ್ನನ್ನು ಕೇಳಿದರೆ ಇಡೀ ಕಥೆಯ ಜೀವವೇ ಅವರು.

1908ರಲ್ಲಿ ಜಾನ್ಸ್ಟನ್ ಮನೆತನದ ಕೊನೆಯ ಕುಡಿ ಇಯಾನ್ ಹಂಟರ್ ಐಲಾಕ್ಕೆ ಬಂದ. ಎಂಜಿನಿಯರಿಂಗ್ ಕಲಿತವನು, ಯಾರಿಗೂ ಗುಟ್ಟು ಬಿಟ್ಟುಕೊಡದ ಸ್ವಭಾವ. 1920ರ ದಶಕದ ಆರಂಭದಲ್ಲಿ ಜಮೀನುದಾರರಿಂದ ನೆಲವನ್ನೇ ಕೊಂಡು, ಭಟ್ಟಿಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿದ. ಅದೇ ಹೊತ್ತಿಗೆ ಅಮೆರಿಕದಲ್ಲಿ ಪಾನನಿಷೇಧ. ವೈದ್ಯರ ಚೀಟಿ ಇದ್ದರೆ ಔಷಧವಾಗಿ ವಿಸ್ಕಿ ಮಾರಲು ಅಲ್ಲಿ ಕಾನೂನಿನಲ್ಲಿ ಅವಕಾಶವಿತ್ತು. ಹಂಟರ್ ಸುಂಕದ ಅಧಿಕಾರಿಗಳ ಮೂಗಿಗೆ ಬಾಟಲಿ ಹಿಡಿದು "ಇದನ್ನು ಯಾರಾದರೂ ಖುಷಿಗೆ ಕುಡಿಯುತ್ತಾರೆಯೇ?" ಎಂಬ ಧಾಟಿಯಲ್ಲಿ ಒಪ್ಪಿಸಿದ ಎಂಬುದು ಲಫ್ರಾಯ್ಗ್‌ನವರು ಇಂದಿಗೂ ಹೇಳಿಕೊಳ್ಳುವ ಕಥೆ. ತುಂಗಾತೀರದವರ ಮನೆಯವರು ಆಗ ಅಧಿಕಾರಿಯಾಗಿದ್ದರೆ ಮುದ್ರೆ ಒತ್ತಿಯೇ ಬಿಡುತ್ತಿದ್ದರು.

ಬೆಸ್ಸಿ ಗ್ಲಾಸ್ಗೋದವರು, ಅಲ್ಲಿನ ವಿಶ್ವವಿದ್ಯಾಲಯದ ಪದವೀಧರೆ. 1934ರ ಬೇಸಿಗೆಯಲ್ಲಿ ಬೆರಳಚ್ಚು ಮತ್ತು ಕಚೇರಿ ಕೆಲಸಕ್ಕೆಂದು ತಾತ್ಕಾಲಿಕವಾಗಿ ಬಂದರು. ಬೇಸಿಗೆ ಮುಗಿದರೂ ಹೋಗಲಿಲ್ಲ. 1938ರಲ್ಲಿ ಹಂಟರ್‌ಗೆ ಪಾರ್ಶ್ವವಾಯು ಬಡಿದ ಮೇಲೆ ವ್ಯವಹಾರ ಮೆಲ್ಲಗೆ ಇವರ ಕೈಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಡಿಸ್ಟಿಲರಿಯನ್ನು ಸೈನ್ಯ ಮದ್ದುಗುಂಡು ಇಡಲು ಬಳಸಿದಾಗ ಅಲ್ಲಿನ ಹೊಣೆ ಹೊತ್ತವರು ಇವರೇ. 1954ರಲ್ಲಿ ಮಕ್ಕಳಿಲ್ಲದೆ ಸತ್ತ ಹಂಟರ್ ಡಿಸ್ಟಿಲರಿಯನ್ನು ಬೆಸ್ಸಿ ಹೆಸರಿಗೆ ಬರೆದಿದ್ದ. ಇಪ್ಪತ್ತನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಹೀಗೆ ಡಿಸ್ಟಿಲರಿಯ ಒಡತಿಯೂ ಆಡಳಿತಗಾರ್ತಿಯೂ ಆದ ಹೆಂಗಸು ಬೇರೆ ಸಿಗುವುದಿಲ್ಲ ಎಂದೇ ಬಲ್ಲವರು ಹೇಳುತ್ತಾರೆ.

1960ರ ದಶಕದ ಮೊದಲಲ್ಲಿ ಸ್ಕಾಚ್ ವಿಸ್ಕಿ ಸಂಘದ ಪರವಾಗಿ ಅಮೆರಿಕ ಸುತ್ತಿದರು. ಬ್ಲೆಂಡ್‌ಗಳ ಕಾಲ ಅದು, ಸಿಂಗಲ್ ಮಾಲ್ಟ್ ಕೇಳುವವರೇ ಇರಲಿಲ್ಲ. ಐಲಾದ ಮಾಲ್ಟನ್ನು ಅದಿರುವ ಹಾಗೆಯೇ ಕುಡಿಯುವ ದಿನ ಬರುತ್ತದೆ ಎಂದು ಅವರು ಆಗಲೇ ನಂಬಿದ್ದರು. ಬೆಳೆಯಲು ಬಂಡವಾಳ ಬೇಕಾಯಿತು. ಕಂತು ಕಂತಾಗಿ ಲಾಂಗ್ ಜಾನ್ ಕಂಪನಿಗೆ ಮಾರಿದರು. 1972ರಲ್ಲಿ ನಿವೃತ್ತರಾದರು. ಊರವರ ಕೆಲಸ ಹೋಗಬಾರದು ಎಂಬುದೇ ಮಾರಾಟದ ಹಿಂದಿದ್ದ ಯೋಚನೆ ಎಂದು ಓದಿದ್ದೇನೆ. ಸಂಬಳ ಕೊಡುವ ಕೈ ಬದಲಾಯಿತು, ಬಾಗಿಲು ಮುಚ್ಚಲಿಲ್ಲ. ಅದೇ ತೀರದ ಪೋರ್ಟ್ ಎಲೆನ್ ಡಿಸ್ಟಿಲರಿ 1983ರಲ್ಲಿ ಮುಚ್ಚಿದ್ದು 2024ರವರೆಗೆ ತೆರೆಯಲೇ ಇಲ್ಲ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಬಯಲುಸೀಮೆ:
ಓದುತ್ತಾ ಕೂತವನಿಗೆ ರಾತ್ರಿ ಹನ್ನೊಂದಾಯಿತು. ಒಂದು ತಾಂತ್ರಿಕ ಸಂಶಯ. ಎಲ್ಲರೂ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಎಂದು ಒಂದು ಅಂಕಿ ಹೇಳುತ್ತಾರಲ್ಲ, ಲಫ್ರಾಯ್ಗ್ ಎಷ್ಟು? ಹೆಚ್ಚಿದ್ದಷ್ಟೂ ಘಾಟು ಹೆಚ್ಚೇ?

ಪ್ರಯೋಗಶಾಲೆ:
ಲಫ್ರಾಯ್ಗ್‌ನ ಮಾಲ್ಟಿನಲ್ಲಿ ಫೀನಾಲ್ ಹತ್ತು ಲಕ್ಷಕ್ಕೆ 40ರಿಂದ 60 ಪಾಲು. ಗಮನಿಸಿ, ಮಾಲ್ಟಿನಲ್ಲಿ. ಅದನ್ನು ಅರೆದು, ನೀರಿಗೆ ಹಾಕಿ, ಹುಳಿ ಬರಿಸಿ, ಎರಡು ಸಲ ಭಟ್ಟಿ ಇಳಿಸಿ, ಹತ್ತು ವರ್ಷ ಮರದಲ್ಲಿಟ್ಟ ಮೇಲೆ ಲೋಟದಲ್ಲಿ ಉಳಿಯುವುದು ಅದರ ಸಣ್ಣ ಪಾಲು. ಅದೇ ದ್ವೀಪದ ಬ್ರೂಕ್‌ಲ್ಯಾಡಿಯವರು ಆಕ್ಟೊಮೋರ್ ಎಂಬ ಸಾಲಿನಲ್ಲಿ 309 ಪಿಪಿಎಂ ಮಾಲ್ಟಿನ ಒಂದು ವಿಸ್ಕಿ ತಂದರು. ಅಂಕಿಯ ಲೆಕ್ಕದಲ್ಲಿ ಲಫ್ರಾಯ್ಗ್‌ನ ಐದಾರು ಪಟ್ಟು. ಕುಡಿದರೆ ಐದು ಪಟ್ಟು ಆಸ್ಪತ್ರೆ ಅಲ್ಲ. ಅವರ ಭಟ್ಟಿಗಳ ಕತ್ತು ಎತ್ತರ, ತಲೆ ಬಾಲ ಕಡಿಯುವ ಹೊತ್ತು ಬೇರೆ. ಲಾಗಾವುಲಿನ್ ಮಾಲ್ಟಿನ ಅಂಕಿ ಲಫ್ರಾಯ್ಗ್‌ಗಿಂತ ಹೆಚ್ಚು ಕಡಿಮೆಯೇನಲ್ಲ, ರುಚಿ ಎಷ್ಟೋ ಮೆತ್ತಗೆ. ಅಂಕಿ ನೋಡಿ ಬಾಟಲಿ ಕೊಳ್ಳುವವರು ಪರೀಕ್ಷೆಯ ಅಂಕ ನೋಡಿ ಅಳಿಯನನ್ನು ಆರಿಸಿದವರು.

ಕಂಟೋನ್ಮೆಂಟ್:
ಮೇಷ್ಟ್ರೇ, ನೀವೂ ಹಾಗೇ ಆರಿಸಿದವರಲ್ಲವೇ?

ಪೀಪಾಯಿಯ ಮಾತನ್ನು ನೇರನುಡಿಯವರು ಒಂದೇ ಸಾಲಿನಲ್ಲಿ ಮುಗಿಸಿದರು, ನಾನು ಬಿಡಿಸಿ ಹೇಳುತ್ತೇನೆ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲೇ ಇಡಬೇಕು. ಒಂದು ಸಲ ಬಳಸಿದ ಪೀಪಾಯಿಗಳು ಅವರಿಗೆ ಬೇಡ, ಸ್ಕಾಟ್ಲೆಂಡಿನವರಿಗೆ ಬೇಕು. ಲಫ್ರಾಯ್ಗ್‌ಗೆ ಬರುವುದು ಬಹುತೇಕ ಮೇಕರ್ಸ್ ಮಾರ್ಕ್ ಎಂಬ ಬರ್ಬನ್ನಿನ ಪೀಪಾಯಿಗಳು, ತಲಾ ಸುಮಾರು 200 ಲೀಟರಿನವು. ತುಂಗಾತೀರದವರು ಮೊದಲು ಸಿಹಿ ಎಂದರಲ್ಲ, ಆ ವೆನಿಲಾ, ತೆಂಗಿನಕಾಯಿಯ ಎಳೆ ಈ ಮರದ್ದು. ಹೊಗೆಗೆ ತಾಳಿಕೊಳ್ಳುವ ಸಿಹಿ ಇಲ್ಲದಿದ್ದರೆ ಇದನ್ನು ಯಾರೂ ಎರಡನೆಯ ಸಲ ಮುಟ್ಟುತ್ತಿರಲಿಲ್ಲ. 2004ರಲ್ಲಿ ಬಂದ ಅವರದೇ ಇನ್ನೊಂದು ವಿಸ್ಕಿ ಕ್ವಾರ್ಟರ್ ಕಾಸ್ಕ್‌ನಲ್ಲಿ ಕೊನೆಯ ಕೆಲವು ತಿಂಗಳು ಚಿಕ್ಕ ಪೀಪಾಯಿಗೆ ಹಾಕುತ್ತಾರೆ. ದ್ರವಕ್ಕೆ ಹೋಲಿಸಿದರೆ ಮರದ ಮೈ ಹೆಚ್ಚು, ಹಾಗಾಗಿ ಸಿಹಿ ಬೇಗ ಹತ್ತುತ್ತದೆ. ಶೇ 48 ಮದ್ಯಸಾರ, ತಣಿಸಿ ಸೋಸದೆ ತುಂಬುವುದು. ನನ್ನ ಲೆಕ್ಕದಲ್ಲಿ ಹತ್ತು ವರ್ಷದ್ದಕ್ಕಿಂತ ಅದೇ ಮೇಲು. ಹತ್ತರದ್ದನ್ನು ಬ್ರಿಟನ್ನಿನಲ್ಲಿ ಶೇ 40ಕ್ಕೆ ಇಳಿಸಿ ನೀರು ಮಾಡಿದ್ದಾರೆ. ಬಣ್ಣಕ್ಕೆ ಕ್ಯಾರಮೆಲ್ ಸೇರಿಸುವುದೂ ಇದೆ. ಸ್ಕಾಚ್ ನಿಯಮ ಅದನ್ನು ಒಪ್ಪುತ್ತದೆ, ನಾನು ಒಪ್ಪುವುದಿಲ್ಲ.

ಕುಡಿಯುವ ಬಗೆ: ಸೋಡಾ ಬೇಡ, ಐಸ್ ಬೇಡ. ಮೊದಲು ಹಾಗೇ ಒಂದು ಗುಟುಕು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಆಮೇಲೆ ಚಮಚದಲ್ಲಿ ಕೆಲವು ಹನಿ ನೀರು.

ಪ್ರಯೋಗಶಾಲೆ:
ಆ ನೀರಿಗೂ ಕಾರಣವಿದೆ. 2017ರಲ್ಲಿ ಸ್ವೀಡನ್ನಿನ ಲಿನೆಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಗ್ವಾಯಕಾಲ್ ಅಣು ನೀರು ಮತ್ತು ಮದ್ಯಸಾರದ ಮಿಶ್ರಣದಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಮದ್ಯಸಾರ ಶೇ 45ರವರೆಗೆ ಇದ್ದಾಗ ಅದು ದ್ರವದ ಮೇಲ್ಮೈಗೆ, ಅಂದರೆ ಮೂಗಿನ ಹತ್ತಿರಕ್ಕೆ ಬರುತ್ತದೆ; ಶೇ 59 ದಾಟಿದರೆ ಒಳಗೆ ಅಡಗುತ್ತದೆ. ಪೀಪಾಯಿಯ ಗಾಢತೆಯಲ್ಲೇ ತುಂಬಿದ ಬಾಟಲಿಗಳಿಗೆ ಇದು ಹೆಚ್ಚು ಅನ್ವಯ. ನಿಮ್ಮದು ಮೊದಲೇ ತೆಳುವಾದದ್ದು, ಎರಡು ಹನಿ ಸಾಕು.

ನೇರನುಡಿ:
ನನ್ನ ಕೊನೆಯ ತಕರಾರು. 2025ರಲ್ಲಿ ಆಮದು ಸುಂಕ ಶೇ 150 ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ. ಆ ವರ್ಷದ ಜುಲೈಯಲ್ಲಿ ಬ್ರಿಟನ್ ಜತೆ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ಅದು ಮೊದಲು ಶೇ 75ಕ್ಕೆ, ಹತ್ತು ವರ್ಷದಲ್ಲಿ ಶೇ 40ಕ್ಕೆ ಇಳಿಯಬೇಕೆಂದಿದೆ. ಇಳಿಯಲಿ. ಆದರೆ ಹೊಗೆಯೇ ಬೇಕೆಂದರೆ ಮೈಸೂರು ರಸ್ತೆಯಲ್ಲೇ ಸಿಗುತ್ತದಲ್ಲ? ಅಮೃತ್‌ ಡಿಸ್ಟಿಲರಿಯವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಕಂಟೋನ್ಮೆಂಟ್:
ಈ ಸಲ ನಿಮ್ಮ ಜತೆಗಿದ್ದೇನೆ. ಅಮೃತ್ ಫ್ಯೂಷನ್‌ನಲ್ಲಿ ಭಾರತದ ಬಾರ್ಲಿಯ ಜತೆ ಸ್ಕಾಟ್ಲೆಂಡಿನಿಂದ ತಂದ ಪೀಟ್ ಹೊಗೆಯ ಬಾರ್ಲಿ ಕಾಲು ಪಾಲಿದೆ. ವಿಸ್ಕಿ ವಿಮರ್ಶಕ ಜಿಮ್ ಮರ್ರಿ ತಮ್ಮ 2010ರ ಕೈಪಿಡಿಯಲ್ಲಿ ಅದಕ್ಕೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟದ್ದು ಗೊತ್ತಿರುವುದೇ. ಆದರೆ ಅದು ಲಫ್ರಾಯ್ಗ್‌ಗೆ ಬದಲಿಯಲ್ಲ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ ಶೇ 10 ದಾಟುತ್ತದೆ. ಇಲ್ಲಿ ಹತ್ತು ವರ್ಷ ಕಾದರೆ ಪೀಪಾಯಿಯಲ್ಲಿ ಅರ್ಧವೂ ಉಳಿಯದು, ಉಳಿದದ್ದರಲ್ಲಿ ಮರದ ಒಗರೇ ಹೆಚ್ಚು. ನಾಲ್ಕೈದು ವರ್ಷಕ್ಕೇ ತೆಗೆಯಬೇಕು. ಫ್ಯೂಷನ್‌ನಲ್ಲಿ ಹೊಗೆ ಹಣ್ಣಿನ ಹಿಂದೆ ನಿಲ್ಲುತ್ತದೆ. ಲಫ್ರಾಯ್ಗ್‌ನಲ್ಲಿ ಬಾಗಿಲಲ್ಲೇ ನಿಂತು ಹೆಸರು ಕೇಳುತ್ತದೆ.

ಹಳೆಯ ಕಡತ:
ಬೆಂಗಳೂರಿನ ಮಾತು ಬಂದದ್ದಕ್ಕೆ ಇನ್ನೊಂದು ಮೊಕದ್ದಮೆ. ಖೋಡೆಯವರು 1968ರಿಂದ ಪೀಟರ್ ಸ್ಕಾಟ್ ಎಂಬ ವಿಸ್ಕಿ ಮಾಡುತ್ತಿದ್ದರು. ಆ ಹೆಸರು ಜನರನ್ನು ದಾರಿ ತಪ್ಪಿಸುತ್ತದೆ ಎಂದು ಸ್ಕಾಚ್ ವಿಸ್ಕಿ ಸಂಘ ಕೋರ್ಟಿಗೆ ಹೋಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೆ ಪರ ತೀರ್ಪಿತ್ತಿತು. ಗೊತ್ತಿದ್ದೂ ವರ್ಷಗಟ್ಟಲೆ ಸುಮ್ಮನಿದ್ದು ತಡವಾಗಿ ಬಂದಿರಿ, ಮೇಲಾಗಿ ಸ್ಕಾಚ್ ಕೊಳ್ಳುವವರು ತಾವು ಏನು ಕೊಳ್ಳುತ್ತಿದ್ದೇವೆಂದು ಬಲ್ಲವರು ಎಂಬುದು ಅದರ ಸಾರ.

ನಿರ್ವಾಹಕ:
ಸುಂಕ ಮತ್ತು ಮೊಕದ್ದಮೆಗಳಿಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಲಫ್ರಾಯ್ಗ್ ಮಾತ್ರ ಸಾಕು.

ತುಂಗಾತೀರ:
ನಿನ್ನೆ ರಾತ್ರಿ ಕಂಟೋನ್ಮೆಂಟ್‌ನವರು ಹೇಳಿದ ಹಾಗೆಯೇ ಕುಡಿದೆ. ಟಿಂಚರು ಹೋಗಲಿಲ್ಲ, ಆದರೆ ನೀರು ಬಿದ್ದ ಮೇಲೆ ಅದರ ಹಿಂದಿನಿಂದ ಏನೋ ಸಿಹಿ, ಲಿಂಬೆಯ ಸಿಪ್ಪೆ, ಕೊನೆಗೆ ಕರಿಮೆಣಸು. ಬೂದಿ ಬಹಳ ಹೊತ್ತು ನಾಲಿಗೆಯ ಮೇಲೆ ಕೂತಿತ್ತು. ಇಷ್ಟವಾಯಿತೋ ಇಲ್ಲವೋ ಹೇಳಲಾರೆ. ಇವತ್ತು ಮಧ್ಯಾಹ್ನ ಕಚೇರಿಯಲ್ಲಿ ಅದರ ನೆನಪಾದದ್ದು ಮಾತ್ರ ನಿಜ. ಬಾಟಲಿ ಮುಗಿಯಲು ತಿಂಗಳುಗಟ್ಟಲೆ ಆಗುತ್ತದೆ. ಫ್ರಿಜ್ಜಿನಲ್ಲಿ ಇಡಬೇಕೇ? ವೈನ್ ಹಾಗೆ ಮಲಗಿಸಿ ಇಡುವುದೇ?

ಗ್ಲಾಸ್ಗೋವಾಸಿ:
ಎರಡೂ ಬೇಡ. ನಿಲ್ಲಿಸಿಯೇ ಇಡಿ, ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ತಿಂದು ಪುಡಿ ಮಾಡುತ್ತದೆ. ಬಿಸಿಲು ಬೀಳದ ಕಪಾಟು ಸಾಕು. ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಒಳಗಿನ ಗಾಳಿ ಹೆಚ್ಚಿ ಮೊದಲು ಮಂಕಾಗುವುದು ಹೊಗೆಯೇ. ಆಗ ಚಿಕ್ಕ ಗಾಜಿನ ಸೀಸೆಗೆ ಕಂಠದವರೆಗೆ ತುಂಬಿಸಿಡಿ. ಕೆಮ್ಮಿನ ಔಷಧದ ಹಳೆಯ ಸೀಸೆ ಮಾತ್ರ ಬೇಡ, ಮನೆಯವರು ಯಾರಾದರೂ ಔಷಧವೆಂದೇ ಕುಡಿದುಬಿಟ್ಟಾರು. ಚೀಟಿಯಲ್ಲೋ ಡಬ್ಬಿಯಲ್ಲೋ ಒಂದು ಸಂಕೇತ ಸಂಖ್ಯೆ ಇದ್ದರೆ ಎಸೆಯಬೇಡಿ. 1994ರಿಂದ ಅವರು ಬಾಟಲಿ ಕೊಂಡವರಿಗೆ ಡಿಸ್ಟಿಲರಿ ಎದುರಿನ ಬಯಲಿನಲ್ಲಿ ಒಂದು ಚದರಡಿ ನೆಲವನ್ನು ಗುತ್ತಿಗೆಗೆ ಕೊಡುತ್ತಾರೆ. ನೀವು ಅಲ್ಲಿಗೆ ಹೋದರೆ ಆ ಚದರಡಿಯ ಬಾಡಿಗೆಯೆಂದು ಅವರೇ ನಿಮಗೆ ಒಂದು ಗುಟುಕು ವಿಸ್ಕಿ ಕೊಡುತ್ತಾರೆ. ನೆಲ ಬರೀ ಜೌಗು, ಬೂಟು ಹಾಕಿಕೊಂಡು ಹೋಗಿ.